ಜಯಂತಿ ಅಕ್ಕನ ಬಲಗಾಲಿನ ಶೂ

ಜಯಂತಿ ಅಕ್ಕ ಬರುತ್ತಿದ್ದಾರೆಂದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಆದರೆ ಆ ಮಧ್ಯಾಹ್ನ ಸ್ಯಾನ್‌ಫ್ರಾನ್ಸಿಸ್ಕೋದ ಮೇಲ್ಮನವಿ ನ್ಯಾಯಾಲಯದಲ್ಲಿ ಕೇಳಿಸಿದ್ದು ಎಂದಿನ ‘ಟಕ್ ಟಕ್’ ಅಲ್ಲ, ‘ಟಕ್, ಚಪ್’. ಎಡಗಾಲಿನಲ್ಲಿ ಅವರದೇ ಕಪ್ಪು ಶೂ. ಬಲಗಾಲಿನಲ್ಲಿ ಯಾರದೋ ಕಂದು ಶೂ, ಒಂದು ಸೈಜು ದೊಡ್ಡದು.

ವಾದವಿದ್ದ ದಿನ ಕಡತವನ್ನು ಲಿವರ್‌ಮೋರಿನ ದೇವರಿಗೆ ತೋರಿಸದೆ ಕೋರ್ಟು ಹತ್ತುವ ವಕೀಲರಲ್ಲ ಅವರು. ಅಂದೂ ತೋರಿಸಿ, ದೇವಸ್ಥಾನದ ಪಾದರಕ್ಷೆಗಳ ಗೂಡಿನೆದುರು, ಕಣ್ಣನ್ನು ಕಡತದಲ್ಲೇ ಇಟ್ಟು ಕಾಲು ತೂರಿಸಿದ್ದರು. ಕಾರು ಓಡಿಸಿದ ನಾನು ನೋಡಿದ್ದು ಫ್ರೀವೇಯನ್ನು, ಪಾದವನ್ನಲ್ಲ.

“ಅಕ್ಕಾ, ಕಾಲು!” ಎಂದು ಪಿಸುಗುಟ್ಟಿದೆ.

“ಗೊತ್ತಾಯ್ತು. ಎಂತ ಮಾಡುದು, ಬರಿಗಾಲಲ್ಲಿ ಹೋಗ್ಲಿಕ್ಕಾಗ್ತದಾ?” ಎಂದು ಮೊಣಕೈ ಸವೆದ ಕೋಟನ್ನು ಕೊಡವಿಕೊಂಡರು.

ಮಂಗಳೂರಿನ ಈ ಮಹಿಳೆ ಕ್ಯಾಲೆಂಡರನ್ನೂ ಕಂಪ್ಯೂಟರನ್ನೂ ನಂಬುವುದಿಲ್ಲ. ಹೆಬ್ಬೆರಳಿನಿಂದ ಮಿಕ್ಕ ಬೆರಳುಗಳ ಗೆಣ್ಣುಗಳನ್ನು ಮುಟ್ಟುತ್ತ, ನಾಲ್ಕು ಬೆರಳಿಗೆ ಹನ್ನೆರಡು ಗೆಣ್ಣಿನಂತೆ, ಅಂಗೈಯಲ್ಲೇ ವರ್ಷಗಳನ್ನು ಎಣಿಸುತ್ತಾರೆ. ಅಂದಿನ ಕಕ್ಷಿದಾರ, ಲಾರಿ ಚಾಲಕ ಮಾರ್ಕೋಸನ ಮೊಕದ್ದಮೆಯ ಹುಳುಕು ಸಿಕ್ಕಿದ್ದೂ ಆ ಗೆಣ್ಣುಗಳಿಗೇ. ಮಾದಕವಸ್ತು ಸಾಗಿಸಿದ್ದನ್ನು ಅವನು ಒಪ್ಪಿಕೊಂಡಿದ್ದ. ಅಮೆರಿಕದ ಫೆಡರಲ್ ನ್ಯಾಯಾಧೀಶರ ಮುಂದೆ ಒಂದು ಕೋಷ್ಟಕವಿರುತ್ತದೆ: ಅಪರಾಧದ ತೂಕ ಒಂದು ಕಡೆ, ಹಳೆಯ ಶಿಕ್ಷೆಗಳ ಅಂಕ ಇನ್ನೊಂದು ಕಡೆ, ಎರಡೂ ಕೂಡುವ ಗೂಡಿನಲ್ಲಿ ಇಷ್ಟರಿಂದ ಇಷ್ಟು ತಿಂಗಳು ಎಂಬ ಸಲಹೆ. ಸಲಹೆಯನ್ನು ಮೀರಬಹುದು, ಆದರೆ ಲೆಕ್ಕ ಅಲ್ಲಿಂದಲೇ ಶುರುವಾಗಬೇಕು. ಮಾರ್ಕೋಸನಿಗೆ ಸಿಕ್ಕಿದ್ದು ಅಲ್ಲಿದ್ದ ಕನಿಷ್ಠ ಶಿಕ್ಷೆ, ಅರವತ್ತಮೂರು ತಿಂಗಳು. ಆದರೆ ಹತ್ತು ವರ್ಷ ದಾಟಿದ ಸಣ್ಣ ಶಿಕ್ಷೆಗೆ ಅಂಕ ಹಾಕುವಂತಿಲ್ಲ. ಕುಡಿದು ಗಾಡಿ ಓಡಿಸಿದ್ದಕ್ಕೆ ಅವನಿಗಾಗಿದ್ದ ಹಳೆಯ ಶಿಕ್ಷೆಗೆ, ಈ ಅಪರಾಧದ ಹೊತ್ತಿಗೆ, ಹತ್ತು ವರ್ಷ ಹತ್ತೊಂಬತ್ತು ದಿನ ತುಂಬಿತ್ತು! ಆ ಒಂದು ಅಂಕ ಕಳೆದರೆ ಕನಿಷ್ಠ ಐವತ್ತೊಂದು. ಉಳಿಯುವುದು ಸರಿಯಾಗಿ ಒಂದು ಅಂಗೈಯಷ್ಟು ತಿಂಗಳು. “ಆ ಒಂದು ವರ್ಷದಲ್ಲೇ ನನ್ನ ಮಗಳು ಒಂದನೇ ತರಗತಿಗೆ ಸೇರುತ್ತಾಳೆ” ಎಂದು ಜೈಲಿನಿಂದ ಬರೆದಿದ್ದ.

ಕಾನ್ವೆಂಟಿನಲ್ಲಿ ಶಿಕ್ಷಣಕ್ಕಿಂತ ಶಿಕ್ಷೆಯನ್ನೇ ಹೆಚ್ಚು ಪಡೆದ ನಾನು ಪ್ರೇಕ್ಷಕರ ಬೆಂಚಿನಲ್ಲಿ ಕೈಕಟ್ಟಿ ಕುಳಿತಿದ್ದೆ. ಸರ್ಕಾರಿ ವಕೀಲರು ನುಣ್ಣಗೆ ವಾದಿಸಿದರು: ಕೋಷ್ಟಕ ಬರೀ ಸಲಹೆ, ಲೆಕ್ಕ ಸರಿಯಿದ್ದರೂ ಶಿಕ್ಷೆ ಅಷ್ಟೇ ಆಗುತ್ತಿತ್ತು. ಮೂವರು ನ್ಯಾಯಮೂರ್ತಿಗಳಲ್ಲಿ ನಡುವಿನವರು ಅಕ್ಕನತ್ತ ತಿರುಗಿ, “ಸಲಹೆ ತಪ್ಪಿದರೆ ನಷ್ಟವೇನು?” ಎಂದು ಕೇಳಿದರು.

ಅಕ್ಕ ವಕೀಲರು ವಾದಿಸುವ ಮೇಜಿನ ಮರೆಯಿಂದ ಈಚೆ ಬಂದು ಬಲಗಾಲನ್ನು ಮುಂದಿಟ್ಟರು.

“ಮಾನ್ಯರೇ, ಈ ಶೂ ನನ್ನದಲ್ಲ. ಬೆಳಿಗ್ಗೆ ತಪ್ಪು ಗೂಡಿಗೆ ಕಾಲು ಹಾಕಿದೆ. ಆಮೇಲೆ ಎಷ್ಟು ಎಚ್ಚರದಿಂದ ನಡೆದರೂ ಕುಂಟುತ್ತಲೇ ಇದ್ದೇನೆ. ಕೆಳಗಿನ ನ್ಯಾಯಾಧೀಶರು ಕನಿಷ್ಠ ಶಿಕ್ಷೆ ಕೊಡಬೇಕೆಂದೇ ಹೊರಟರು. ಕೊಟ್ಟದ್ದು ತಪ್ಪು ಗೂಡಿನ ಕನಿಷ್ಠವನ್ನು.”

ಮೂವರೂ ನಕ್ಕರು, ಸರ್ಕಾರಿ ವಕೀಲರು ತಮ್ಮ ಶೂಗಳನ್ನೊಮ್ಮೆ ನೋಡಿಕೊಂಡರು. ಎರಡು ತಿಂಗಳಿಗೆ ತೀರ್ಪು ಬಂತು: ಶಿಕ್ಷೆ ರದ್ದು, ಲೆಕ್ಕ ಮೊದಲಿನಿಂದ. ಅದೇ ಕೆಳಗಿನ ನ್ಯಾಯಾಧೀಶರು ಈ ಸಲ ಐವತ್ತೊಂದೇ ಬರೆದರು. ಕಕ್ಷಿದಾರನ ರಕ್ಷೆಗೆ ಬಂದದ್ದು ಪಾದರಕ್ಷೆ!

ಸರಟೋಗಾದ ಅವರ ಮನೆಯಲ್ಲಿ ಹಬ್ಬವೋ ಹಬ್ಬ. ಗಂಡ ರಾಮನಾಥರು ಪಾಯಸ ಬಡಿಸಿದ್ದೇ ಬಡಿಸಿದ್ದು, ಮಗಳು ಲಾಸ್ಯಾ, “ಅಮ್ಮಾ, ಯು ವನ್ ಬೈ ಎ ಫುಟ್!” ಎಂದು ಕುಣಿದಳು. ನಾನು ಹೇಳಬೇಕಿದ್ದ ಮಾತದು, ಹೊಟ್ಟೆ ಉರಿಯಿತು.

ನ್ಯಾಯವೆಂದರೆ ಗುಡುಗುವ ಕಂಠವೆಂದು ನಂಬಿದ ಲೋಕದಲ್ಲಿ, ಮೊದಲ ಹೆಜ್ಜೆ ಎಲ್ಲಿ ತಪ್ಪಿತೆಂದು ಹಿಂದಿರುಗಿ ಹೋಗಿ ನೋಡುವ ಇಂಥವರದೊಂದು ಸಣ್ಣ ಸಂತತಿಯಿದೆ. ತಮ್ಮ ತಪ್ಪನ್ನೂ ಮುಚ್ಚಿಡದ ಧೈರ್ಯವೇ ಪರರ ತಪ್ಪನ್ನು ತೋರಿಸಲು ಅವರಿಗಿರುವ ಅಧಿಕಾರ. ಈ ಭಾವಾವೇಶದಲ್ಲೇ ಕೇಳಿದೆ: “ಅಕ್ಕಾ, ಇಂಥ ಗೆಲುವಾದ ಮೇಲೆ ನಿಮಗೆ ಇನ್ನೇನು ಬೇಕು?”

“ನನ್ನ ಬಲಗಾಲಿನ ಶೂ, ಮಾರಾಯ್ತಿ. ಎಂಟು ಸಲ ಲಿವರ್‌ಮೋರಿಗೆ ಹೋಗಿ ಬಂದೆ, ಸಿಗ್ಲಿಲ್ಲ.”