ಹದಿನೇಳನೇ ಲಾರಿಯ ಕುಂಕುಮ

ನಾನು ಮನುಷ್ಯರ ಮಾತನ್ನು ಸುಲಭಕ್ಕೆ ನಂಬುವವಳಲ್ಲ. ಕಬ್ಬಿಣವನ್ನು ನಂಬುತ್ತೇನೆ. ಮಿತ್ರದೇಶವೊಂದರ ಭದ್ರತಾಪಡೆಗೆ ನಮ್ಮ ಸರ್ಕಾರ ಕೊಟ್ಟ ನಲವತ್ತು ಲಾರಿಗಳು ಸಿದ್ಧವಾದದ್ದು ಬೋಗಾದಿಯಾಚೆಯ ನಮ್ಮ ಶೆಡ್ಡಿನಲ್ಲಿ. ಅವು ಅವರ ಬಳಿಯೇ ಇವೆಯೇ, ಯಾರಾದರೂ ಮಾರಿಕೊಂಡರೇ ಎಂದು ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುವುದು ನನ್ನ ಕೆಲಸ. ಫೋಟೋ ಬೇಡ ಎಂದಿದ್ದೆ. ಲಾರಿಯ ಅಡಿಚೌಕಟ್ಟಾದ ಷಾಸಿಯಲ್ಲಿ ಗುದ್ದಿದ ಸಂಖ್ಯೆಯ ಮೇಲೆ ಹಾಳೆಯಿಟ್ಟು, ಪೆನ್ಸಿಲ್ ಉಜ್ಜಿ, ಆ ಅಚ್ಚನ್ನೇ ಕಳಿಸಬೇಕು.

ಮೊದಲ ವರ್ಷವೇ ಬಂದದ್ದು ಮೂವತ್ತೊಂಬತ್ತು ಅಚ್ಚು. ‘ಹದಿನೇಳನೆಯ ಲಾರಿ ಇಲ್ಲೇ ನಿಂತಿದೆ, ಅದರ ಮೇಲೆ ಸಂಖ್ಯೆ ಮಾತ್ರ ಇಲ್ಲ’ ಎಂದು ಅಲ್ಲಿನ ಉಗ್ರಾಣದವನು ಬರೆದಿದ್ದ. ಯಾರ ಕಿವಿ ಮೇಲೆ ಹೂವಿಡುತ್ತಾನೆ! ಅಸಲಿ ಲಾರಿ ಮಾರಿ ಬೇರೊಂದನ್ನು ನಿಲ್ಲಿಸಿದ್ದಾನೆ ಎಂದು ಖಾರವಾಗಿ ಬರೆದೆ. ಆ ಒಂದು ಕಾಗದಕ್ಕೇ ಅವನನ್ನು ಒಳಗೆ ಹಾಕಿದರು. ನಿಜ ಹೇಳುತ್ತೇನೆ, ಆವತ್ತು ನನಗೆ ಹೆಮ್ಮೆಯೇ ಆಯಿತು.

ಆ ಲಾರಿಯ ಬಗೆಗಿನ ಕೊನೆಯ ವರದಿಗೆ ಒಂದು ರುಜು ಬಾಕಿಯಿತ್ತು. ಸಂಖ್ಯೆ ಗುದ್ದುವ ಚಾಮಯ್ಯನವರು, ಇಪ್ಪತ್ತೆಂಟು ವರ್ಷದ ಹಳೇ ಕೈ, ಹದಿನೇಳಕ್ಕೂ ಗುದ್ದಿದ್ದೇನೆ ಎಂದು ಬರೆದುಕೊಡಬೇಕಿತ್ತು. ಪೆನ್ನು ಹಿಡಿದವರು ಹಾಗೇ ನಿಂತರು.

“ಯಾವತ್ತು ಗುದ್ದಿದ್ದು ಮೇಡಂ?”

“ಆಯುಧಪೂಜೆಯ ಹಿಂದಿನ ದಿನ.”

ಚಾಮಯ್ಯನವರು ಪೆನ್ನು ಕೆಳಗಿಟ್ಟು ಸ್ಟೂಲಿನ ಮೇಲೆ ಕೂತರು. ಹಬ್ಬದ ದಿನ ಶೆಡ್ಡಿನಲ್ಲಿ ನಿಂತಿದ್ದದ್ದು ಅದೊಂದೇ ಲಾರಿ. ಪೂಜೆಯೆಲ್ಲ ಅದಕ್ಕೇ ನಡೆದಿತ್ತು.

“ಎಣ್ಣೇಲಿ ಕಲಸಿ ನಂಬರ್ ಮೇಲೇ ಕುಂಕುಮ ಮೆತ್ತಿದ್ದೆ. ಮಾರನೇ ದಿನ ಬಣ್ಣ ಹೊಡೀಬೇಕು. ಪೂಜೆ ಕುಂಕುಮ ಒರೆಸಕ್ಕೆ ಕೈ ಬರ್ಲಿಲ್ಲ ಕಣಮ್ಮ. ಅದ್ರ ಮೇಲೇ ಎರಡು ಕೋಟು ಹೊಡೆದ್ಬುಟ್ಟೆ.”

ಅಂಕಿಗಳ ಗುಳಿ ಮುಚ್ಚಿಹೋಗಿದ್ದರೆ ಪೆನ್ಸಿಲ್ಲಿಗೆ ಏನು ಸಿಕ್ಕೀತು? ಆ ಮನುಷ್ಯ ಇದ್ದದ್ದನ್ನು ಇದ್ದಹಾಗೆ ಬರೆದಿದ್ದ.

“ಇದನ್ನು ಬರೆದುಕೊಟ್ಟರೆ ನಿಮ್ಮ ಕೆಲಸ ಉಳಿಯೋದಿಲ್ಲ, ಚಾಮಯ್ಯನವ್ರೇ.”

“ಆವಯ್ಯ ಇನ್ನೂ ಒಳಗವ್ರಾ?”

“ಹೌದು.”

“ಮನೇಲಿ ಯಾರ್ಯಾರವ್ರೆ?”

ಗೊತ್ತಿರಲಿಲ್ಲ. ಅವನ ಹೆಸರೇ ನನಗೆ ಗೊತ್ತಿರಲಿಲ್ಲ. ನನ್ನ ಕಾಗದದಲ್ಲಿ ಅವನು ಬರೀ ‘ಉಗ್ರಾಣದವನು’. ಚಾಮಯ್ಯನವರು ದುಂಡು ಅಕ್ಷರದಲ್ಲಿ ನಡೆದದ್ದನ್ನೆಲ್ಲ ಬರೆದು ರುಜು ಹಾಕಿದರು. ಅದನ್ನು ಅಂದೇ ಆ ದೇಶಕ್ಕೆ ಕಳಿಸಿದೆ. ಅವರನ್ನು ವಾರದೊಳಗೆ ಕೆಲಸದಿಂದ ತೆಗೆದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಇಪ್ಪತ್ತು ದಿನಕ್ಕೆ ಆ ದೇಶದಿಂದ ಲಕೋಟೆ ಬಂತು. ಬಣ್ಣ ಕೆರೆದು ತೆಗೆದ ಅಚ್ಚು. ಅಂಕಿಗಳು ಸ್ಪಷ್ಟವಾಗಿದ್ದವು, ಅಂಚಿಗೆಲ್ಲ ಕೆಂಪು ಹತ್ತಿತ್ತು. ಕೆಳಗೆ ಉಗ್ರಾಣದವನದೇ ರುಜು, ಪೂರ್ತಿ ಹೆಸರು.

ಆ ಹಾಳೆಯನ್ನು ದಟ್ಟಗಳ್ಳಿಯ ಚಾಮಯ್ಯನವರ ಮನೆಗೆ ಒಯ್ದೆ. ಅವರು ಕೆಂಪನ್ನು ಬೆರಳಲ್ಲಿ ಸವರಿ ಕಣ್ಣಿಗೊತ್ತಿಕೊಂಡರು.

“ಬುಟ್ರಾ ಅವ್ರನ್ನ?”

“ಬಿಟ್ಟರು. ರುಜು ಅವರದ್ದೇ.”

“ಹೆಸರೇನಂತೆ? ಓದಿ ಹೇಳಮ್ಮ.”

ಓದಿದೆ. ಮೊದಲ ಸಲ ತಪ್ಪಿತು. ತಿದ್ದಿಕೊಂಡು ಇನ್ನೊಮ್ಮೆ ಓದಿದೆ.