ಒಳಗೆನ್ನೆಯ ಬಿಳಿ

"ಈ ಸುಣ್ಣ ಎಂತಕೆ ಹೋಗ್ತಿಲ್ಲ?"

ಕೇಳಿಸಿಕೊಳ್ಳಲು ಅಂಗಳದಲ್ಲಿ ಯಾರೂ ಇರಲಿಲ್ಲ. ಬಂಗಾರಿ ಕನ್ನಡಿಯನ್ನು ಬಾವಿಕಟ್ಟೆಗೆ ಒರಗಿಸಿ, ಬೆರಳಿನಿಂದ ಎಡಗೆನ್ನೆ ಹಿಗ್ಗಿಸಿ ಒಳಗೆ ಇಣುಕುತ್ತಿದ್ದಳು. ಎಲೆಅಡಿಕೆಯ ಕವಳ ಒತ್ತಿಟ್ಟುಕೊಳ್ಳುವ ಜಾಗದಲ್ಲಿ ಹುಣಸೆಬೀಜದಗಲ ಬೆಳ್ಳಗಾಗಿತ್ತು. ಚಿಪ್ಪಿಸುಣ್ಣ ಮೆತ್ತಿ ಒಣಗಿದೆ ಎಂದೇ ಅವಳು ತಿಳಿದಿದ್ದಳು. ಬಿಸಿನೀರು ಮುಕ್ಕಳಿಸಿದ್ದಳು, ಉಪ್ಪು ಹಚ್ಚಿ ಉಜ್ಜಿದ್ದಳು. ಈಗ ತೆಂಗಿನ ನಾರಿನಿಂದ ಕೆರೆದಳು. ರಕ್ತ ಬಂತು, ಬಿಳಿ ಹೋಗಲಿಲ್ಲ.

ಉಗುಳಿದ್ದನ್ನು ಅಷ್ಟರಲ್ಲಿ ಹೊರಬಂದ ಮಗ ಶಾಂತಾರಾಮ ನೋಡಿದ. ಒಳಗೆ ಹೋಗಿ ಬೈಕಿನ ಕೀಲಿ ತಂದ.

"ಸುಣ್ಣಕ್ಕೆ ಎಂತ ಡಾಕ್ಟ್ರು ಮಾರಾಯ? ಉಮಾಳ ಮಗಳ ಮದುವೆ ಮುಂದಿನ ವಾರ ಬಂತು. ಹಾಡು ಎತ್ತುವವಳು ನಾನು. ಬಾಯಿಗೆ ಅವರು ಎಂತಾದ್ರೂ ಮಾಡಿ ಹಾಕಿದ್ರೆ?" ಎಂದು ಕುಮಟೆಯವರೆಗೂ ಅವನ ಬೆನ್ನಿಗೆ ಹೇಳುತ್ತಲೇ ಹೋದಳು.

ಆಸ್ಪತ್ರೆಯ ಹಲ್ಲಿನ ಡಾಕ್ಟರು ಶರ್ಮಿಳಾ, ಹೊನ್ನಾವರ ಕಡೆಯವರು. ದೀಪ ಹಿಡಿದು ನೋಡಿದರು. ಹತ್ತಿಯಿಂದ ಒರೆಸಿ ಮತ್ತೆ ನೋಡಿದರು.

"ಇದು ಸುಣ್ಣ ಅಲ್ಲ ಅಮ್ಮ. ನಿಮ್ಮದೇ ಚರ್ಮ."

"ಬಾಯಿ ಒಳಗೆ ಎಲ್ಲಿಯ ಚರ್ಮ?"

"ಹೊರಗೆ ಇದ್ದ ಹಾಗೇ ಒಳಗೂ ಅದೆ. ತೆಳ್ಳಗೆ, ಪದರದ ಮೇಲೆ ಪದರ. ಅಡಿಯಿಂದ ಹೊಸತು ಹುಟ್ಟಿ ಮೇಲೆ ಬರ್ತದೆ, ಹಳತು ಉದುರಿ ಎಂಜಲಿನ ಜೊತೆ ಹೋಗ್ತದೆ. ನಮಗೆ ಗೊತ್ತೂ ಆಗೂದಿಲ್ಲ. ನೀವು ದಿನಾ ಅದೇ ಜಾಗಕ್ಕೆ ಸುಣ್ಣ, ಹೊಗೆಸೊಪ್ಪು ಇಟ್ರಿ. ಸುಡ್ತದೆ ಅಲ್ದಾ? ತಡ್ಕೊಳ್ಳೂಕೆ ಅದು ದಪ್ಪ ಆಗಿದೆ. ನಿಮ್ಮ ಹಿಮ್ಮಡಿ ಆದ ಹಾಗೆ."

"ದಪ್ಪ ಆದ್ರೆ ಒಳ್ಳೇದೇ ಆತಲ್ಲ."

ಶಾಂತಾರಾಮ ನಕ್ಕ. ಡಾಕ್ಟರಿಗೂ ನಗು ಬಂತು. "ಹಿಮ್ಮಡಿಗೆ ಒಳ್ಳೇದು, ಕೆನ್ನೆಗಲ್ಲ. ಕೆಲವರಿಗೆ ಅಡಿಯ ಪದರ ಹದ ತಪ್ತದೆ. ಮೇಲೆ ಬರೂದು ಬಿಟ್ಟು ಕೆಳಗೆ ಇಳಿಯೂಕೆ ಶುರು ಮಾಡ್ತದೆ. ಆಗ ಅದು ಕ್ಯಾನ್ಸರ್."

ಬಂಗಾರಿ ಕೆನ್ನೆಗೆ ಕೈ ಇಟ್ಟಳು.

"ನಂದು ಇಳಿದದ್ಯಾ?"

"ಕಣ್ಣಲ್ಲಿ ನೋಡಿ ಹೇಳೂಕೆ ಬರೂದಿಲ್ಲ. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸ್ತೆ."

ಸೂಜಿ ಚುಚ್ಚಿದ ಮೇಲೆ ಕೆನ್ನೆ ಜೋಮು ಹಿಡಿದು ಬೇರೆಯವರದಾಯಿತು. ಪುಟ್ಟ ಬಾಟಲಿಯ ತಳದಲ್ಲಿ ಕುಳಿತ ಚೂರು ಅಕ್ಕಿಕಾಳಿಗಿಂತ ತುಸು ದೊಡ್ಡದಿರಬಹುದು. ಇಷ್ಟರಲ್ಲಿ ಎಲ್ಲವೂ ಬರೆದಿರುತ್ತದೆಯೇ ಎಂದು ಬಂಗಾರಿ ಅದನ್ನೇ ನೋಡಿದಳು. ಹೊಲಿಗೆ ಹಾಕಿಸಿಕೊಂಡು ಎದ್ದಾಗ ಅವಳಿಗೆ ಕೇಳಬೇಕಾದದ್ದು ಒಂದೇ ಇತ್ತು.

"ಹಾಡೂಕೆ ಅಡ್ಡಿಲ್ಲ ಅಲ್ದಾ?"

"ನೋವು ಕಮ್ಮಿ ಆದ ಮೇಲೆ ಹಾಡಿ. ಕವಳ ಮಾತ್ರ ಬೇಡ. ಅಡಿಕೆ, ಸುಣ್ಣ, ಹೊಗೆಸೊಪ್ಪು ಯಾವುದೂ. ವರದಿ ಒಳ್ಳೇದು ಬಂದ್ರೂ ಬೇಡ."

"ಯಾವತ್ತೂ?"

"ಯಾವತ್ತೂ."

ಮದುವೆಯ ಹಿಂದಿನ ದಿನ ಮಧ್ಯಾಹ್ನದವರೆಗೂ ವರದಿ ಬರಲಿಲ್ಲ. ಉಮಾಳ ಮನೆಯ ಚಪ್ಪರದಲ್ಲಿ ಹೆಂಗಸರು ಚಾಪೆ ತುಂಬಿ ಕುಳಿತಿದ್ದರು. ಮದುಮಗಳು ಧನ್ಯಾ ಅರಿಶಿನ ಹಚ್ಚಿಸಿಕೊಂಡು ಮಣೆಯ ಮೇಲಿದ್ದಳು. ಆ ಕೇರಿಯಲ್ಲಿ ಹಾಡಿನ ಸಾಲು ಎತ್ತುವುದು ಬಂಗಾರಿ. ಅದನ್ನೇ ಹಿಂದಿನಿಂದ ತಿರುಗಿಸಿ ಹೇಳುವುದು ಅವಳ ನಾದಿನಿ ನಾಗು. ಒಬ್ಬಳ ಉಸಿರು ಮುಗಿಯುವಲ್ಲಿ ಇನ್ನೊಬ್ಬಳದು ಹಿಡಿಯುತ್ತಿತ್ತು. ಎತ್ತುವವಳಿಗೆ ಮನೆಯಾಕೆ ಕವಳ ಮಡಚಿ ಕೊಡಬೇಕು, ಅವಳು ಎಲ್ಲರೆದುರು ಬಾಯಿಗೆ ಹಾಕಿಕೊಳ್ಳಬೇಕು, ಆಮೇಲೆ ಮೊದಲ ಸಾಲು. ಕವಳವಿಲ್ಲದ ಬಾಯಿಂದ ಅಲ್ಲಿ ಹಾಡು ಹೊರಡುವುದು ಸಾವಿನ ಮನೆಯಲ್ಲಿ ಮಾತ್ರ.

ಉಮಾ ಕವಳದ ಹರಿವಾಣ ತಂದಿಟ್ಟಳು. "ತಕಾ ಬಂಗಾರಕ್ಕ."

"ನಂಗೆ ಆಗೂದಿಲ್ಲ ಉಮಾ. ಬಾಯಲ್ಲಿ ಹೊಲಿಗೆ ಅದೆ."

"ಆಸ್ಪತ್ರೆ ಮೆಟ್ಟಿಲು ಹತ್ತಿದ್ದೇ ತಡ, ಬಂಗಾರಕ್ಕ ಪ್ಯಾಟೆಯವಳಾದ್ಲು!" ಎಂದು ಹಿಂದಿನಿಂದ ಯಾರೋ ಅಂದರು. ಚಾಪೆಯೆಲ್ಲ ನಕ್ಕಿತು.

"ಹೊಗೆಸೊಪ್ಪು ಹಾಕಲಿಲ್ಲ," ಉಮಾ ದನಿ ತಗ್ಗಿಸಿದಳು. "ಸುಣ್ಣವೂ ಬರೇ ಸವರಿದ್ದು. ಬಾಯಿಗೆ ಮುಟ್ಟಿಸಿ ಉಗುಳು, ಸಾಕು. ನನ್ನ ಮಗಳ ಮದುವೆ. ಹೆಣದ ಮನೆ ಹಾಡು ಆಗೂದು ಬೇಡ."

ಅವಳು ಹರಿವಾಣವನ್ನು ಇನ್ನಷ್ಟು ಹತ್ತಿರ ಸರಿಸಿದಳು. ಬಂಗಾರಿ ಅದನ್ನು ನೋಡಿದಳು. ಎಳೆಯ ಎಲೆ, ಹೊಸ ಅಡಿಕೆ, ಬಾಯಲ್ಲಿ ನೀರೂರಿತು. ನಾಲಗೆ ತಾನಾಗಿಯೇ ಎಡಗೆನ್ನೆಗೆ ಹೋಗಿ ಹೊಲಿಗೆಯ ದಾರ ಮುಟ್ಟಿತು.

ನಾಗು ಅವಳ ಮೊಣಕೈ ಹಿಡಿದಳು. "ಅತ್ತಿಗೆ, ನೀ ಎಂತಕೆ ತ್ರಾಸು ಮಾಡ್ಕಳ್ತೆ? ಇವತ್ತೊಂದು ದಿನ ನಾ ಕವಳ ಹಾಕಿ ಎತ್ತತೆ. ನೀ ಹಿಂದೆ ಕೂತು ತಿರುಗಿಸು. ಏಳು."

ಹಾಗೆ ಅಂದದ್ದು ಪ್ರೀತಿಯಿಂದಲೇ. ಹೆಂಗಸರು ಆಗಲೇ ಅತ್ತಿತ್ತ ಸರಿದು ಹಿಂದಿನ ಸಾಲಿನಲ್ಲಿ ಜಾಗ ಮಾಡಿಕೊಟ್ಟಿದ್ದರು. ಒಬ್ಬಳು ಕೂರುವಷ್ಟು ಚಾಪೆ ಬರಿದಾಗಿ ಕಾಣುತ್ತಿತ್ತು. ನಾಳೆಯೋ ನಾಡಿದ್ದೋ ಬರುವ ವರದಿಯಲ್ಲಿ ಏನಿದೆಯೋ. ಈ ಬಾಯಿ ಇನ್ನು ಯಾರ ಮದುವೆಯವರೆಗೆ ಹಾಡುತ್ತದೆಂದು ಹೇಳಬಲ್ಲವರು ಚಪ್ಪರದಲ್ಲಿ ಇರಲಿಲ್ಲ.

ಧನ್ಯಾ ಅರಿಶಿನದ ಮುಖ ಎತ್ತಿ ಅವಳನ್ನು ನೋಡಿದಳು.

ಬಂಗಾರಿ ನಾಗುವಿನ ಕೈಯನ್ನು ಮೆಲ್ಲಗೆ ಬಿಡಿಸಿದಳು. ಹರಿವಾಣವನ್ನು ಎರಡೂ ಕೈಯಿಂದ ಉಮಾಳ ಕಡೆಗೆ ಸರಿಸಿ, ಮಡಚಿದ ಕಾಲನ್ನು ಇನ್ನಷ್ಟು ಒಳಗೆಳೆದುಕೊಂಡಳು.

"ಹಾಕೂದೂ ಇಲ್ಲ," ಅಂದಳು. "ಏಳೂದೂ ಇಲ್ಲ."