ಆಷಾಢದಲ್ಲಿ ಹಾಕಿದ ಪಾಯಾ

"ನೀವು ಬಾಜೂದವರು, ನೀವಽ ಹೇಳ್ರಿ. ಈ ಪ್ಲಿಂಥ್, ಅಂದರ ಪಾಯಾ, ರೋಡಿನ ಹೊಸಾ ಪ್ಲ್ಯಾನ್ ಬರೂ ಮೊದಲ ಆಗಿತ್ತೋ, ಆಮ್ಯಾಲೆ ಆತೋ?"

ವಾರ್ಡ್ ಆಫೀಸಿನ ಇಂಜಿನಿಯರ್ ಶುಭಾಂಗಿ ಮೇಡಂ ಸೋಲಾಪುರದವರು. ಮರಾಠಿಯ ಜೊತೆಗೆ ಕನ್ನಡವೂ ಬರುತ್ತಿತ್ತು. ರಾಚವ್ವ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ನೆಗೆಣ್ಣಿಯತ್ತ ನೋಡಿದಳು. ಶೀತಲ ಅರ್ಧ ಎದ್ದ ಗೋಡೆಗೆ ಒರಗಿ ನಿಂತಿದ್ದಳು. ತನ್ನದೇ ಗೋಡೆಗೆ.

ಮುಂಬೈ ಮಲಾಡಿನ ಈ ಜಾಗವನ್ನು ಮಾವ ಇಬ್ಬರು ಮಕ್ಕಳಿಗೂ ಸರಿಸಮ ಹಂಚಿದ್ದರು. ಹಿಂದೆ ತಗಡಿನ ಮನೆಗಳು, ಮುಂದೆ ಖಾಲಿ ನೆಲ. ಅಲ್ಲಿ ಕಟ್ಟಲು ಪರವಾನಗಿಯೂ ಇಬ್ಬರಿಗೂ ಒಟ್ಟಿಗೇ ಬಂದಿತ್ತು. ಆಗ ಆಷಾಢ. ಶ್ರಾವಣ ಬರಲಿ ಎಂದು ರಾಚವ್ವ ಕುಳಿತಳು. ಮುಂಬೈಯಲ್ಲೇ ಹುಟ್ಟಿದ ಶೀತಲ ಕೂರಲಿಲ್ಲ. "ಅಕ್ಕಾ, ಮುನ್ಸಿಪಾಲ್ಟಿಗೆ ಆಷಾಢ ಕಹಾಂ ಗೊತ್ತೈತಿ?" ಎಂದು ನಕ್ಕು, ಸುರಿಯುವ ಮಳೆಯಲ್ಲೇ ತಾಡಪತ್ರಿ ಕಟ್ಟಿಸಿ ಪಾಯಾ ಹಾಕಿಸಿದಳು.

ಆಷಾಢ ಮುಗಿದ ಮರುದಿನವೇ ಮುನ್ಸಿಪಾಲ್ಟಿಯ ಹೊಸ ಪ್ಲ್ಯಾನ್ ಬಂತು. ಇಬ್ಬರ ಖಾಲಿ ನೆಲದ ಮೇಲೂ ರಸ್ತೆ. ಅದಕ್ಕೆ ಮೊದಲೇ ಪಾಯಾ ಎದ್ದಿದ್ದರೆ ಹಳೆಯ ಪರವಾನಗಿ ನಿಲ್ಲುತ್ತದೆ, ರಸ್ತೆಯೇ ಅವರನ್ನು ಬಳಸಿ ಹೋಗುತ್ತದೆ, ಏಳದಿದ್ದರೆ ರದ್ದು ಎಂದರು ವಾರ್ಡ್ ಆಫೀಸಿನವರು.

ಅಂದಿನಿಂದ ರಾಚವ್ವ ಆ ಕಡೆಯ ಕಿಟಕಿ ತೆರೆಯಲಿಲ್ಲ. ಆದರೂ ಗೋಡೆ ಎಷ್ಟು ಏರಿದೆ ಎಂಬುದು ಅವಳಿಗೆ ಕಟ್ಟುವ ಗೌಂಡಿಗಿಂತ ಚೆನ್ನಾಗಿ ಗೊತ್ತಿತ್ತು. ಶೀತಲ ಟೈಲ್ಸ್ ತಂದು ತೋರಿಸಿದರೆ "ಛಲೋ ಅದಾವ" ಎನ್ನುವಳು. ಒಳಗೆ ಬಂದು ಗಂಡ ಗುರುಬಸವನೆದುರು "ಸಂಡಾಸಿನ ಬಣ್ಣ" ಎನ್ನುವಳು. ತನ್ನ ಜಾಗ ಹೋದದ್ದಕ್ಕಿಂತ ಇನ್ನೊಂದು ಅವಳನ್ನು ಸುಡುತ್ತಿತ್ತು. "ರೋಡ್ ಸುದ್ದಾ ಅಕಿಗೆ ಹಾದಿ ಬಿಡತೈತಿ, ನೋಡ್ರಿ."

ಈಗ ಯಾರೋ ದೂರು ಕೊಟ್ಟಿದ್ದರು, ಶೀತಲಳ ಪಾಯಾ ಪ್ಲ್ಯಾನ್ ಬಂದ ಮೇಲಿನದು ಎಂದು. ಕೊಟ್ಟವಳು ರಾಚವ್ವ ಅಲ್ಲ. ಕೇಳಿದಾಗ ಮಾತ್ರ ಒಳಗೆಲ್ಲೋ ತಂಪಾಗಿತ್ತು. ಮೇಡಂ ಕೇಳಿದರೆ ಗೊತ್ತಿಲ್ಲ ಎಂದುಬಿಡುವುದು ಎಂದು ಬೆಳಿಗ್ಗೆಯೇ ನಿಶ್ಚಯಿಸಿದ್ದಳು. ಅಷ್ಟು ಸಾಕಿತ್ತು ಗೋಡೆ ಬೀಳಲು.

"ಫೋಟೋ ಅದಾವಲ್ಲ ಮೇಡಂ," ಶೀತಲ ಮೊಬೈಲ್ ಚಾಚಿದಳು.

"ಫೋಟೋದ ತಾರೀಖು ಯಾರ ಬೇಕಾದ್ರೂ ಬದಲಿ ಮಾಡ್ತಾರವಾ. ಮತ್ತ ನಿಮ್ಮ ಮಂದಿ ಆಷಾಢದಾಗ ಪಾಯಾ ಹಾಕತಾರೇನು? ನಂಬೂದು ಹ್ಯಾಂಗ?"

"ಹಾಕಿದ್ಳಲ್ರಿ!" ರಾಚವ್ವನ ಬಾಯಿಂದ ಹೊರಬಿದ್ದೇ ಹೋಯಿತು. "ನಾನೂ ಅದನ್ನಽ ಅನ್ನೂದು. ಹಿರೇರು ಅನ್ನೂ ಖಬರಿಲ್ಲ, ಪದ್ಧತಿ ಇಲ್ಲ. ನಾಗರ ಅಮಾಸಿ ಮಟಾನಾದ್ರೂ ತಡಿ ಅಂತ ಬಡಕೊಂಡೆ. ಕೇಳಿದ್ಳೇನು? ಮಳ್ಯಾಗ ಛತ್ರಿ ಹಿಡ್ಕೊಂಡು ನಿಂತು ಸಿಮೆಂಟ್ ಹಾಕ್ಸಿದ್ಳು. ಒಡಿಯಾಕ ಕಾಯಿ ಸೈತ ನಮ್ಮ ಮನಿದಽ ಒಯ್ದಾಳ."

ಮಾತು ಮುಗಿದಾಗ ಶುಭಾಂಗಿ ಬರೆದುಕೊಳ್ಳುತ್ತಿದ್ದರು. "ಅಂದರ ಆಷಾಢದಾಗಽ," ಎಂದು ಪೆನ್ನು ಮುಚ್ಚಿದರು. "ಸಾಕ್ರಿ. ಕೆಲಸ ಚಾಲೂ ಇಡವಾ ಶೀತಲ."

ಶೀತಲ ಓಡಿಬಂದು ಎರಡೂ ಕೈ ಹಿಡಿದಳು. "ಅಕ್ಕಾ, ನೀ ನನ್ನ ಮನಿ ಉಳಿಸಿದಿ."

"ನಾ ನಿನಗ ಬೈದೆ," ಎಂದಳು ರಾಚವ್ವ, ಕೈ ಬಿಡಿಸಿಕೊಳ್ಳುತ್ತ.

ಮೇಡಂ ಜೊತೆ ಬಂದಿದ್ದ ಆಳು ರಾಚವ್ವನ ನೆಲದ ಮೇಲೆ ಉದ್ದಕ್ಕೆ ಹೊಸ ರಸ್ತೆಯ ಸುಣ್ಣದ ಗೆರೆ ಎಳೆದು ಹೋದ. ಅವಳು ಅಲ್ಲೇ ನಿಂತಿದ್ದಳು. ಆಚೆ ಬದಿಯಲ್ಲಿ ಕಾಂಕ್ರೀಟ್ ಮಿಕ್ಸರ್ ಮತ್ತೆ ತಿರುಗತೊಡಗಿತು. ಸ್ವಲ್ಪ ಹೊತ್ತಿಗೆ ಗಲ್ಲಿಯಿಂದ ಬಂದ ರಿಕ್ಷಾವೊಂದು ತಿರುಗಿಸಿಕೊಳ್ಳಲು ಹಿಂದೆ ಹಿಂದೆ ಬಂದು ಗೆರೆ ದಾಟಿತು. ಬೈಯಲು ರಾಚವ್ವ ಬಾಯಿ ತೆರೆದಳು.

"ಬಾಜೂಲಾ, ಮಾವಶಿ," ಎಂದ ರಿಕ್ಷಾದವನು ಮರಾಠಿಯಲ್ಲಿ, ತಿರುಗಿಯೂ ನೋಡದೆ.

ರಾಚವ್ವ ನಿರಿಗೆಯನ್ನು ತುಸು ಎತ್ತಿ ಹಿಡಿದು ಪಕ್ಕಕ್ಕೆ ಸರಿದಳು.